ಅಡಿಕೆಯ ಪಾಠ, ಉಳಿದ ತಾಳೆಗಳು: ಮನೆಯಲ್ಲಿ ಬೀಜ ಮೊಳೆಸುವ ಕುರಿತು ಒಂದು ಟಿಪ್ಪಣಿ

ತಾಳೆ ಕುಟುಂಬದ ಬೀಜ ಮೊಳೆಸುವುದು ಕನ್ನಡ ನಾಡಿಗೆ ಹೊಸ ವಿದ್ಯೆಯಲ್ಲ. ಮಲೆನಾಡು, ಕರಾವಳಿಗಳ ತೋಟದ ಮನೆಗಳಲ್ಲಿ ಅಡಿಕೆ ಸಸಿ ಮಾಡಿ ಕೈ ಪಳಗಿದವರಿದ್ದಾರೆ. ತಿಪಟೂರು, ಅರಸೀಕೆರೆಗಳ ಕಡೆ ತೆಂಗಿನ ಸಸಿಮಡಿ ಹೊಸ ನೋಟವೇನಲ್ಲ. ಆದರೆ ಇದೇ ಕೈಗಳು ಬೈನೆ, ಈಚಲು, ಶ್ರೀತಾಳೆಗಳ ಬೀಜವನ್ನೋ ಪೇಟೆಯಿಂದ ತಂದ ಅಲಂಕಾರದ ಪಾಮ್‌ ಬೀಜವನ್ನೋ ಹಾಕಿದಾಗ ಸೋಲು ಹೆಚ್ಚು. ‘ಬೀಜ ಜೊಳ್ಳು’ ಎಂದು ಹೇಳಿ ಕುಂಡ ಬರಿದು ಮಾಡುವುದು ವಾಡಿಕೆ. ನನ್ನ ವಾದ ಬೇರೆ. ಸಿಪ್ಪೆ ಸಮೇತ ಬಿತ್ತುವುದು, ನೀರಿನಲ್ಲಿ ತೇಲಿಸಿ ಆರಿಸುವುದು, ಮೊಳಕೆ ಕಂಡ ಮೇಲೆ ಕಿತ್ತು ಪ್ಲಾಸ್ಟಿಕ್ ಚೀಲಕ್ಕೆ ಹಾಕುವುದು: ಈ ರೂಢಿಗಳೆಲ್ಲ ಅಡಿಕೆ, ತೆಂಗುಗಳ ಬೀಜರಚನೆಗೆ ಒಪ್ಪುವಂಥವು. ಅವನ್ನೇ ಇಡೀ ಕುಟುಂಬದ ನಿಯಮವೆಂದು ತಿಳಿದದ್ದರಿಂದ ಒಳ್ಳೆಯ ಬೀಜವೂ ನಮ್ಮ ಕೈಯಲ್ಲಿ ಸಾಯುತ್ತಿದೆ.

ಈ ಕುಟುಂಬದಲ್ಲಿ ಎರಡೂವರೆ ಸಾವಿರಕ್ಕೂ ಹೆಚ್ಚು ಪ್ರಭೇದಗಳಿವೆ. ಹಲವು ಒಂಟಿ ಕಾಂಡದವು, ಆ ಕಾಂಡಕ್ಕೆ ಇರುವುದು ತುದಿಯಲ್ಲಿ ಒಂದೇ ಬೆಳೆಮೊಗ್ಗು. ಗೆಲ್ಲು ಕತ್ತರಿಸಿ ನೆಡುವುದು, ಕಸಿ ಕಟ್ಟುವುದು ಇಲ್ಲಿ ಸಾಧ್ಯವಿಲ್ಲ. ಖರ್ಜೂರದಂತೆ, ನಾವು ‘ಅರೇಕಾ ಪಾಮ್’ ಎಂದು ಕರೆಯುವ ಮಡಗಾಸ್ಕರಿನ ಗಿಡದಂತೆ ಬುಡದಲ್ಲಿ ಕಂದು ಬಿಡುವ ಕೆಲವನ್ನು ಬಿಟ್ಟರೆ ಮನೆಯಲ್ಲಿ ಬೆಳೆಸುವವನಿಗೆ ಬೀಜವೊಂದೇ ದಾರಿ. ಆ ದಾರಿ ಸಾವಧಾನದ್ದು. ತಾಳೆಗಳ ಅಂಗರಚನೆಯನ್ನು ಜೀವಮಾನವಿಡೀ ಅಭ್ಯಾಸ ಮಾಡಿದ ಪಿ. ಬಿ. ಟಾಮ್ಲಿನ್‌ಸನ್ 1990ರ ತಮ್ಮ ಗ್ರಂಥದಲ್ಲಿ ಕೊಟ್ಟ ಅಂದಾಜಿನ ಪ್ರಕಾರ, ಕಾಲು ಭಾಗಕ್ಕಿಂತ ಹೆಚ್ಚು ಪ್ರಭೇದಗಳು ಮೊಳೆಯಲು 100 ದಿನಗಳಿಗೂ ಮೀರಿ ಕಾಲ ತೆಗೆದುಕೊಳ್ಳುತ್ತವೆ. ಅವುಗಳಲ್ಲಿ ಒಟ್ಟು ಮೊಳೆಯುವುದು ನೂರಕ್ಕೆ 20ಕ್ಕಿಂತ ಕಡಿಮೆ. ಹುರುಳಿ, ಅವರೆ ಬಿತ್ತಿ ವಾರದೊಳಗೆ ಹಸಿರು ನೋಡಿದವರ ತಾಳ್ಮೆ ಇಲ್ಲಿ ಸಾಲದು.

ರಚನೆಯ ಮಾತಿಗೆ ಬರೋಣ. ತಾಳೆ ಬೀಜದಲ್ಲಿ ಭ್ರೂಣ ಬಹಳ ಚಿಕ್ಕದು, ಹೆಚ್ಚಿನವುಗಳಲ್ಲಿ ಕೆಲವೇ ಮಿಲಿಮೀಟರ್ ಉದ್ದದ ಬಿಳಿಯ ಗೂಟ. ಉಳಿದುದೆಲ್ಲ ಅದಕ್ಕೆ ಕೂಡಿಟ್ಟ ಆಹಾರ. ತೆಂಗಿನಲ್ಲಿ ಆ ಆಹಾರ ಕೊಬ್ಬರಿ ಮತ್ತು ಎಳನೀರು. ಅಡಿಕೆಯಲ್ಲಿ ನಾವು ಹೋಳು ಮಾಡಿ ಜಗಿಯುವ ಭಾಗ. ಖರ್ಜೂರದಲ್ಲಿ ಕಲ್ಲಿನಂತೆ ಗಟ್ಟಿಯಾದ, ಜೀವಕೋಶದ ಗೋಡೆಗಳಲ್ಲೇ ಸಕ್ಕರೆಯ ಸರಪಳಿಗಳನ್ನು ಅಡಗಿಸಿಟ್ಟ ಬೀಜ. ಮೊಳೆಯುವಾಗ ಬೀಜದಳದ ಒಂದು ತುದಿ ಬೀಜದೊಳಗೇ ಉಳಿದು ಮೆತ್ತಗೆ ಉಬ್ಬಿ, ಈ ಆಹಾರವನ್ನು ಕರಗಿಸಿ ಹೀರುತ್ತದೆ. ಪೂಜೆಗೆ ಒಡೆದ ಕಾಯಿಯಲ್ಲಿ ‘ಹೂವು ಬಂತು’ ಎಂದು ಶುಭವೆಣಿಸಿ ಮಕ್ಕಳ ಕೈಗೆ ಕೊಡುತ್ತೇವಲ್ಲ, ಆ ಸಿಹಿಯಾದ ಸ್ಪಂಜಿನಂಥ ಗುಂಡು ಇದೇ ಹೀರು ಅಂಗ. ಅಂಥದೊಂದು ಪ್ರತಿ ತಾಳೆ ಬೀಜದಲ್ಲೂ ಬೆಳೆಯುತ್ತದೆ. ಗಾತ್ರ ಮಾತ್ರ ಬೇರೆ.

ಬೀಜದಳದ ಇನ್ನೊಂದು ತುದಿ ಏನು ಮಾಡುತ್ತದೆ ಎಂಬಲ್ಲಿ ಕುಟುಂಬ ಎರಡಾಗಿ ಒಡೆಯುತ್ತದೆ. ಅಡಿಕೆ, ತೆಂಗುಗಳಲ್ಲಿ ಅದು ಬೀಜದ ಬಾಯಲ್ಲೇ ಪುಟ್ಟ ಗುಬುಟಾಗಿ ನಿಲ್ಲುತ್ತದೆ. ಕುಡಿ ಅಲ್ಲಿಂದಲೇ ಮೇಲಕ್ಕೆ, ಬೇರು ಅಲ್ಲಿಂದಲೇ ಕೆಳಕ್ಕೆ. ಇದನ್ನು ಸಮೀಪ ಮೊಳಕೆ ಎನ್ನೋಣ. ಈಚಲು, ಬೈನೆ, ತಾಟಿನುಂಗಿನ ತಾಳೆ, ಶ್ರೀತಾಳೆಗಳಲ್ಲಿ ಹಾಗಲ್ಲ. ಬೀಜದಳದ ತೊಟ್ಟು ಉದ್ದವಾಗಿ ಬೆಳೆದು, ಭ್ರೂಣದ ಬೆಳೆಮೊಗ್ಗನ್ನು ತನ್ನ ತುದಿಯಲ್ಲಿ ಹೊತ್ತು ಮಣ್ಣಿನೊಳಕ್ಕೆ ಇಳಿಯುತ್ತದೆ. ಬೀಜದಿಂದ ಸಾಕಷ್ಟು ದೂರ ಹೋದ ಮೇಲೆ ಆ ತುದಿಯಿಂದ ಬೇರು ಹೊರಡುತ್ತದೆ, ಅದೇ ತುದಿಯ ಪಕ್ಕದ ಸೀಳಿನಿಂದ ಕುಡಿ ಮೇಲೆದ್ದು ಬರುತ್ತದೆ. ಇದು ದೂರ ಮೊಳಕೆ. ಜರ್ಮನಿಯ ಮಾರ್ಟಿಯಸ್ 1823ರಿಂದ 1850ರವರೆಗೆ ಹೊರತಂದ ಮೂರು ಸಂಪುಟಗಳ ತಾಳೆ ಗ್ರಂಥದಷ್ಟು ಹಳೆಯದು ಈ ವಿಂಗಡಣೆ. ಫ್ರಾನ್ಸಿನ ಗಾತಿನ್ 1906ರಲ್ಲಿ ಅದನ್ನು ಅಂಗರಚನೆಯಿಂದ ಬಲಪಡಿಸಿದರು. ಟಾಮ್ಲಿನ್‌ಸನ್ ಅದನ್ನು ಇನ್ನಷ್ಟು ತಿದ್ದಿದರು. ಇವೆರಡರ ನಡುವಣ ಮೂರನೆಯ ಬಗೆಯೂ ಒಂದಿದೆ. ನಮ್ಮ ಮನೆಗಳಲ್ಲಿ ಅದಕ್ಕೆ ಸೇರಿದ ಗಿಡಗಳು ಅಪರೂಪ, ಹಾಗಾಗಿ ಇಲ್ಲಿ ಬಿಟ್ಟಿದ್ದೇನೆ.

ಈ ಭೇದವನ್ನು ನಂಬಲು ಪ್ರಯೋಗಾಲಯ ಬೇಡ. ಅಂಗಡಿಯ ಖರ್ಜೂರ ತಿಂದು ಬೀಜವನ್ನು ತೊಳೆದು, ಒದ್ದೆ ಬಟ್ಟೆಯಲ್ಲಿ ಸುತ್ತಿ, ಬೆಚ್ಚನೆಯ ಜಾಗದಲ್ಲಿ ಡಬ್ಬಿಯೊಳಗಿಟ್ಟರೆ ಕೆಲವು ವಾರಗಳಲ್ಲಿ ಬೀಜದ ಬೆನ್ನಿನಿಂದ ಬಿಳಿ ದಾರದಂಥದೊಂದು ಹೊರಬರುತ್ತದೆ. ನೋಡಿದವರೆಲ್ಲ ಅದನ್ನು ಬೇರು ಎನ್ನುತ್ತಾರೆ. ಅದು ಬೇರಲ್ಲ, ಬೀಜದಳದ ತೊಟ್ಟು. ಗಿಡವಾಗಬೇಕಾದ ಮೊಗ್ಗು ಅದರ ತುದಿಯ ಸಮೀಪ, ಒಳಗೆ, ಕುಳಿತಿದೆ. ಬೇರು ತುದಿ ಮುರಿದರೆ ಇನ್ನೊಂದು ಬೇರು ಬಂದೀತೆಂಬ ಧೈರ್ಯದಿಂದ ಒರಟಾಗಿ ನೆಟ್ಟರೆ ಮುರಿಯುವುದು ಗಿಡವೇ. ‘ಮೊಳಕೆ ಬಂದಿತ್ತು, ಚೀಲಕ್ಕೆ ಹಾಕಿದ ಮೇಲೆ ಹೋಯಿತು’ ಎಂಬ ದೂರಿನ ಬಹುಪಾಲು ಇಲ್ಲಿಂದ ಹುಟ್ಟಿದ್ದೆಂಬುದು ನನ್ನ ಅಂದಾಜು. ಮೊಳೆತ ಮೇಲೆ ಬೀಜವನ್ನು ಕಿತ್ತು ಬಿಸಾಡುವುದೂ ಇಷ್ಟೇ ಕೇಡು. ಒಳಗಿನ ಹೀರು ಅಂಗ ತಿಂಗಳುಗಟ್ಟಲೆ ಸಸಿಗೆ ಉಣಿಸುತ್ತಿರುತ್ತದೆ.

ದೂರ ಎಂದರೆ ಎಷ್ಟು ದೂರ? ಖರ್ಜೂರ, ಈಚಲುಗಳಲ್ಲಿ ಕೆಲವು ಸೆಂಟಿಮೀಟರ್. ತಾಟಿನುಂಗಿನ ತಾಳೆಯಲ್ಲಿ ಅರ್ಧ ಮೀಟರಿನಷ್ಟು ಆಳಕ್ಕೂ ಹೋಗುತ್ತದೆ. ಸೆಷೆಲ್ಸ್ ದ್ವೀಪಗಳ ಜೋಡಿತೆಂಗಿನಲ್ಲಿ ಅದು ಮೀಟರುಗಳ ಲೆಕ್ಕ. ತಮಿಳುನಾಡು, ಆಂಧ್ರ, ಶ್ರೀಲಂಕೆಯ ಯಾಳ್ಪಾಣಗಳ ಜನ ಈ ಆಳವನ್ನು ಅಡುಗೆಗೇ ಬಳಸಿಕೊಂಡಿದ್ದಾರೆ. ಸಡಿಲ ಮಣ್ಣನ್ನು ಎತ್ತರಕ್ಕೆ ಗುಡ್ಡೆ ಹಾಕಿ, ಮಾಗಿದ ತಾಳೆ ಬೀಜಗಳನ್ನು ಅದರ ಮೇಲೆ ಒತ್ತೊತ್ತಾಗಿ ಜೋಡಿಸಿ, ಮೂರು ನಾಲ್ಕು ತಿಂಗಳ ಬಳಿಕ ಗುಡ್ಡೆ ಕೆಡವಿದರೆ ಪಿಷ್ಟ ತುಂಬಿ ದಪ್ಪಗಾದ ಉದ್ದನೆಯ ಮೊಳಕೆಗಳು ಸಿಗುತ್ತವೆ. ಬೇಯಿಸಿ ತಿನ್ನುವ ಈ ಗೆಣಸು ತಮಿಳರಿಗೆ ಪನಂಗಿಳಂಗು, ತೆಲುಗರಿಗೆ ತೇಗಲು. ಗುಡ್ಡೆ ಎತ್ತರವಿರಬೇಕು, ಮಣ್ಣು ಸಡಿಲವಿರಬೇಕು ಎಂದು ಅವರಿಗೆ ಯಾವ ಸಸ್ಯಶಾಸ್ತ್ರಜ್ಞನೂ ಹೇಳಿಕೊಡಬೇಕಾಗಿರಲಿಲ್ಲ. ಅದೇ ತಾಳೆ ಬೀಜವನ್ನು ನಾವು ಅಡಿಕೆ ಸಸಿಯ ಗೇಣುದ್ದದ ಚೀಲಕ್ಕೆ ಹಾಕಿದರೆ ತೊಟ್ಟು ತಳ ಮುಟ್ಟಿ, ಸುರುಳಿ ಸುತ್ತಿಕೊಂಡು, ಗಿಡ ಕುಂಟುತ್ತದೆ.

ಹಾಗಾದರೆ ಯಾವುದು ಯಾವ ಗುಂಪು? ಅಡಿಕೆ, ತೆಂಗು, ಎಣ್ಣೆ ತಾಳೆ, ಬೆತ್ತ, ಅರೇಕಾ ಪಾಮ್, ರಾಯಲ್ ಪಾಮ್ ಇವು ಸಮೀಪ ಮೊಳಕೆಯವು. ಬೈನೆ (ಕೆಲವು ಕಡೆ ಬಗನಿ), ಈಚಲು, ಖರ್ಜೂರ, ತಾಳೆ, ಶ್ರೀತಾಳೆ, ಬೀಸಣಿಗೆ ಎಲೆಯ ಚೈನೀಸ್ ಪಾಮ್, ಬೂದು-ನೀಲಿ ಎಲೆಯ ಬಿಸ್ಮಾರ್ಕಿಯಾ ಇವು ದೂರ ಮೊಳಕೆಯವು. ಮೊದಲ ಗುಂಪಿಗೆ ಸಾಮಾನ್ಯ ಕುಂಡ, ಚೀಲ ಸಾಕು. ಎರಡನೆಯದಕ್ಕೆ ಅಗಲಕ್ಕಿಂತ ಆಳ ಮುಖ್ಯ. ಹಳೆಯ ಪಿವಿಸಿ ಪೈಪಿನ ತುಂಡನ್ನು ನಿಲ್ಲಿಸಿ ಮಣ್ಣು ತುಂಬಿದರೂ ಆಗುತ್ತದೆ. ನೋಡಲು ಚೆನ್ನಾಗಿರುವುದಿಲ್ಲ, ಅಷ್ಟೆ. ಜಾಗವಿದ್ದರೆ ನೆಲಕ್ಕೇ ನೇರ ಬಿತ್ತುವುದು ಎಲ್ಲಕ್ಕಿಂತ ಒಳ್ಳೆಯದು.

ಇನ್ನು ರೂಢಿಗಳ ಪರೀಕ್ಷೆ. ಅಡಿಕೆಯ ಬೀಜ ಆರಿಸುವಾಗ ಹಣ್ಣನ್ನು ನೀರಿಗೆ ಹಾಕುತ್ತಾರೆ. ತೊಟ್ಟು ಮೇಲಾಗಿ ನೆಟ್ಟಗೆ ತೇಲುವ ಹಣ್ಣಿನಿಂದ ಹುಲುಸಾದ ಸಸಿ ಬರುತ್ತದೆಂಬುದು ಕಾಸರಗೋಡಿನ ಕೇಂದ್ರೀಯ ತೋಟ ಬೆಳೆಗಳ ಸಂಶೋಧನಾ ಸಂಸ್ಥೆಯೂ ಶಿಫಾರಸು ಮಾಡುವ ಕ್ರಮ. ಹಾಗೆ ಆರಿಸಿದ್ದನ್ನು ತೊಟ್ಟು ಮೇಲಿರುವಂತೆಯೇ ಮಡಿಯಲ್ಲಿ ಕೂರಿಸುತ್ತಾರೆ, ಭ್ರೂಣ ಇರುವುದು ಆ ತುದಿಯಲ್ಲೇ ಆದ್ದರಿಂದ. ಇಲ್ಲಿ ತೇಲುವುದು ನಾರುಸಿಪ್ಪೆ ಹೊದ್ದ ಇಡೀ ಹಣ್ಣು ಎಂಬುದನ್ನು ಮರೆಯಬಾರದು. ತಿರುಳು ತೆಗೆದು ತೊಳೆದ ಬೀಜಕ್ಕೆ ಲೆಕ್ಕ ತಿರುಗುಮುರುಗು: ಅಲ್ಲಿ ಮುಳುಗುವುದೇ ಸಾಮಾನ್ಯವಾಗಿ ಗಟ್ಟಿ, ತೇಲುವುದು ಹೆಚ್ಚಾಗಿ ಒಳಗೆ ಒಣಗಿದ್ದು ಅಥವಾ ಹುಳು ತಿಂದದ್ದು. ‘ಹೆಚ್ಚಾಗಿ’ ಎಂದೆ, ತೇಲಿದವನ್ನು ಎಸೆಯುವ ಮೊದಲು ಒಂದೆರಡನ್ನು ಸೀಳಿ ನೋಡಬೇಕು. ಭ್ರೂಣ ಬೆಳ್ಳಗೆ ಬಿಗಿಯಾಗಿದ್ದರೆ ಜೀವವಿದೆ. ಕಂದಾಗಿ ಸುರುಟಿದ್ದರೆ, ಗೂಡು ಖಾಲಿಯಿದ್ದರೆ ಕಾಯುವುದು ದಂಡ.

ಸಿಪ್ಪೆಯ ಮಾತೂ ಹೀಗೆಯೇ. ಅಡಿಕೆಯ ಗೋಟು, ತೆಂಗಿನ ಬೀಜಗಾಯಿ ಎರಡನ್ನೂ ಸುಲಿಯದೆ ಬಿತ್ತುತ್ತೇವೆ. ನಾರು ತೇವ ಹಿಡಿದು ಕಾಯುತ್ತದೆ. ರಸ ತುಂಬಿದ ತಿರುಳಿನ ಹಣ್ಣುಗಳಲ್ಲಿ ಅದೇ ಹೊದಿಕೆ ಕೊಳೆತು ಬೂಸು ಹಿಡಿಯುತ್ತದೆ, ಮೊಳಕೆಯನ್ನು ತಡೆಯುವ ಅಂಶಗಳೂ ತಿರುಳಿನಲ್ಲಿರುತ್ತವೆ. ಕಾಡಿನಲ್ಲಿ ಈ ಕೆಲಸ ಮಾಡುವವರು ಬೇರೆ. ಬೈನೆಯ ಹಣ್ಣನ್ನು ಕಬ್ಬೆಕ್ಕು ತಿಂದು, ತಿರುಳು ಜೀರ್ಣಿಸಿ, ಬೀಜವನ್ನು ಸ್ವಚ್ಛಗೊಳಿಸಿ ದೂರ ಹಾಕಿ ಹೋಗುತ್ತದೆ. ಮನೆಯಲ್ಲಿ ಆ ಪಾತ್ರ ನಮ್ಮದು. ಎಚ್ಚರವಿರಲಿ: ಬೈನೆಯ ತಿರುಳಿನಲ್ಲಿ ಕೆಸು, ಸುವರ್ಣಗೆಡ್ಡೆಗಳಲ್ಲಿರುವಂಥದೇ ಸೂಜಿಮೊನೆಯ ಕ್ಯಾಲ್ಸಿಯಂ ಆಕ್ಸಲೇಟ್ ಹರಳುಗಳಿವೆ. ಬರಿಗೈಯಲ್ಲಿ ಹಿಸುಕಿದರೆ ತುರಿಕೆ, ಉರಿ ಗಂಟೆಗಟ್ಟಲೆ ಬಿಡುವುದಿಲ್ಲ. ಹಣ್ಣುಗಳನ್ನು ಗೋಣಿಚೀಲದಲ್ಲಿ ತುಂಬಿ ತೇವವಿಟ್ಟು ತಿರುಳು ಕೊಳೆಯಲು ಬಿಟ್ಟು, ರಬ್ಬರ್ ಗ್ಲೌಸ್ ಹಾಕಿಕೊಂಡು ಮರಳಿನೊಂದಿಗೆ ಉಜ್ಜಿ ತೊಳೆಯುವುದು ಸುರಕ್ಷಿತ. ಮಕ್ಕಳನ್ನು ಹತ್ತಿರ ಸೇರಿಸಬಾರದು. ತೊಳೆದ ಬೀಜವನ್ನು ಎರಡು ಮೂರು ದಿನ ನೀರಿನಲ್ಲಿ ನೆನೆಹಾಕಬಹುದು, ನೀರನ್ನು ದಿನವೂ ಬದಲಿಸುತ್ತ.

ಒಣಗಿಸುವ ಪ್ರಶ್ನೆ ಇನ್ನೂ ಸೂಕ್ಷ್ಮ. ಧಾನ್ಯ, ಬೇಳೆಗಳ ಬೀಜವನ್ನು ಬಿಸಿಲಿಗೆ ಹಾಕಿ ಎತ್ತಿಡುವ ನಾಡಿನಲ್ಲಿ ಒಣಗಿಸಿದರೆ ಬೀಜ ಉಳಿಯುತ್ತದೆ ಎಂಬುದು ಮೂಳೆಗೆ ಹತ್ತಿದ ನಂಬಿಕೆ. ಅಂಗಳದಲ್ಲಿ ತಿಂಗಳಿಗೂ ಮೀರಿ ಒಣಗಿದ ಚಾಲಿ ಅಡಿಕೆ ಮೊಳೆಯುವುದಿಲ್ಲವೆಂದು ಬೆಳೆಗಾರನಿಗೆ ಗೊತ್ತು. ಅದಕ್ಕೇ ಬೀಜದ ಗೋಟನ್ನು ಕೊಯ್ದ ಕೂಡಲೇ ಮಡಿಗೆ ಹಾಕುತ್ತಾನೆ. ಮಳೆಕಾಡಿನ ಹೆಚ್ಚಿನ ತಾಳೆಗಳ ಸ್ವಭಾವ ಇದೇ, ತೇವ ಕಳೆದುಕೊಂಡರೆ ಭ್ರೂಣ ಸಾಯುತ್ತದೆ. ಇವನ್ನು ಫ್ರಿಜ್ಜಿನಲ್ಲಿಡುವುದೂ ಕೊಂದಂತೆಯೇ. ಇದೇ ಕುಟುಂಬದ ಇನ್ನೊಂದು ತುದಿಯಲ್ಲಿ ಮರುಭೂಮಿಯ ಖರ್ಜೂರವಿದೆ. ಇಸ್ರೇಲಿನ ಮಸಾಡ ಕೋಟೆಯ ಉತ್ಖನನದಲ್ಲಿ 1960ರ ದಶಕದಲ್ಲಿ ಸಿಕ್ಕಿದ, ಸುಮಾರು 2000 ವರ್ಷ ಹಳೆಯ ಬೀಜವೊಂದನ್ನು 2005ರಲ್ಲಿ ಕೃಷಿತಜ್ಞೆ ಎಲೈನ್ ಸೊಲೋವೆ ಬಿತ್ತಿದರು. ಅದು ಮೊಳೆತು ಮರವಾಯಿತು. ಸಾರಾ ಸಾಲನ್ ಮತ್ತು ಸಂಗಡಿಗರು 2008ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಅದರ ವಯಸ್ಸನ್ನು ದಾಖಲಿಸಿದರು. ಗಂಡು ಮರ, ಹೆಸರು ಮೆಥೂಸೆಲಾ. ತೆಂಗಿನೊಳಗೂ ಭೇದವಿದೆ: ಎತ್ತರದ ತಳಿಯ ಬೀಜಗಾಯಿಯನ್ನು ನೆರಳಿನಲ್ಲಿ ತಿಂಗಳೆರಡು ತಿಂಗಳು ಇಟ್ಟು ಬಿತ್ತುವುದುಂಟು, ಗಿಡ್ಡ ತಳಿಯದನ್ನು ಬೇಗ ಬಿತ್ತಬೇಕು. ಆದ್ದರಿಂದ ‘ತಾಳೆ ಬೀಜವನ್ನು ಎಷ್ಟು ದಿನ ಇಡಬಹುದು’ ಎಂಬ ಪ್ರಶ್ನೆಗೆ ಒಂದೇ ಉತ್ತರ ಕೊಡುವವರನ್ನು ನಂಬಬೇಡಿ.

ಬೆಚ್ಚಗಿನ ಹವೆ ಎಲ್ಲಕ್ಕೂ ಬೇಕು. ಹೆಚ್ಚಿನ ಉಷ್ಣವಲಯದ ತಾಳೆಗಳು ಸುಮಾರು 30 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಚೆನ್ನಾಗಿ ಮೊಳೆಯುತ್ತವೆ. 20ರ ಕೆಳಗೆ ಸುಮ್ಮನೆ ಕೂರುತ್ತವೆ. ಮಂಗಳೂರಿನವರಿಗೆ ಇದು ಚಿಂತೆಯ ವಿಷಯವೇ ಅಲ್ಲ. ಬೆಂಗಳೂರು, ಮೈಸೂರುಗಳಲ್ಲಿ ಡಿಸೆಂಬರ್, ಜನವರಿಯ ರಾತ್ರಿ 15-16 ಡಿಗ್ರಿಗೆ ಇಳಿಯುತ್ತದೆ. ಅಲ್ಲಿ ಶಿವರಾತ್ರಿ ಕಳೆದ ಮೇಲೆ ಬಿತ್ತುವುದೇ ಸರಿ. ಚಳಿಗಾಲದಲ್ಲಿ ಸಿಕ್ಕಿದ ಹಸಿ ಬೀಜವನ್ನು ಅಲ್ಲಿಯವರೆಗೆ ಇಡಲಾಗದಿದ್ದರೆ ಒದ್ದೆ ತೆಂಗಿನ ನಾರಿನ ಪುಡಿಯೊಂದಿಗೆ ಬಾಯಿ ಕಟ್ಟಿದ ಪ್ಲಾಸ್ಟಿಕ್ ಚೀಲದಲ್ಲಿಟ್ಟು ಫ್ರಿಜ್ಜಿನ ತಲೆಯ ಮೇಲೋ, ಹಳೆ ಮನೆಯಾದರೆ ಬಚ್ಚಲ ಒಲೆಯ ಪಕ್ಕದ ಗೂಡಿನಲ್ಲೋ ಇಡಬಹುದು. ನಾರಿನ ಪುಡಿಯನ್ನು ಮೊದಲು ಎರಡು ಮೂರು ನೀರಿನಲ್ಲಿ ತೊಳೆದು ಉಪ್ಪಿನಂಶ ತೆಗೆದು, ಹಿಂಡಿದರೆ ಹನಿ ಬೀಳದಷ್ಟು ಮಾತ್ರ ತೇವ ಉಳಿಸಬೇಕು. ಚೀಲದ ಕ್ರಮದ ಲಾಭವೆಂದರೆ ವಾರಕ್ಕೊಮ್ಮೆ ಹೊರಗಿನಿಂದಲೇ ನೋಡಬಹುದು, ಬೂಸು ಹಿಡಿದದ್ದನ್ನು ಬೇರೆ ಮಾಡಬಹುದು. ಅದರ ಅಪಾಯವೂ ಅಲ್ಲೇ ಇದೆ: ದೂರ ಮೊಳಕೆಯವನ್ನು ಚೀಲದಲ್ಲಿ ಹೆಚ್ಚು ದಿನ ಬಿಟ್ಟರೆ ತೊಟ್ಟುಗಳು ಒಂದಕ್ಕೊಂದು ಹೆಣೆದುಕೊಂಡು ಬಿಡಿಸುವಾಗ ಮುರಿಯುತ್ತವೆ. ಬೀಜದ ಮೇಲೆ ಮೊದಲ ಬಿಳುಪು ಕಂಡೊಡನೆ ಆಳದ ಕುಂಡಕ್ಕೆ ವರ್ಗಾಯಿಸಬೇಕು. ಕೆಂಪು ಮಣ್ಣು, ಮರಳು, ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಸಾಕು. ಬೀಜ ಮುಚ್ಚುವಷ್ಟೇ ಮಣ್ಣು, ಅರೆನೆರಳು.

ಮೊಳಕೆ ಚುರುಕಾಗಲೆಂದು ಜಿಬ್ಬರೆಲಿಕ್ ಆಮ್ಲ ಬಳಸುವವರಿದ್ದಾರೆ. ಮನೆಯ ಮಟ್ಟಿಗೆ ಅದು ಬೇಡ. ಸಸಿ ಉದ್ದುದ್ದ ಎದ್ದು ಆಧಾರವಿಲ್ಲದೆ ಬೀಳುತ್ತದೆ.

ಮೊದಲ ಎಲೆಯ ಬಗ್ಗೆ ಒಂದು ಮಾತು. ಅಡಿಕೆಯ ಮೊದಲ ಎಲೆ ಎರಡಾಗಿ ಸೀಳಿರುತ್ತದೆ, ನೋಡಿದ ತಕ್ಷಣ ಗುರುತು ಸಿಗುತ್ತದೆ. ಬೈನೆಯದೂ ಸೀಳಿದ್ದೇ, ಆದರೆ ಅಂಚು ಮೀನಿನ ಬಾಲವನ್ನು ಕಚ್ಚಿದಂತೆ ಹರಕು. ಈಚಲು, ಖರ್ಜೂರ, ರಾಯಲ್ ಪಾಮ್‌ಗಳದ್ದು ಸೀಳಿಲ್ಲದ ಕಿರಿದಾದ ಅಲಗು, ಹುಲ್ಲಿನ ಎಸಳೇ ಸರಿ. ತಿಂಗಳುಗಟ್ಟಲೆ ಕಾದು, ಕೊನೆಗೆ ಎದ್ದ ಸಸಿಯನ್ನು ಕಳೆಯೆಂದು ಕಿತ್ತ ಮನೆಗಳು ಕಡಿಮೆಯೇನಲ್ಲ. ಕುಂಡಕ್ಕೆ ಹೆಸರಿನ ಚೀಟಿ ಸಿಕ್ಕಿಸುವುದರಿಂದ ಸಸಿ ಉಳಿಯುತ್ತದೆ, ಮನೆಯ ಜಗಳವೂ ತಪ್ಪುತ್ತದೆ.

ಶ್ರೀತಾಳೆಯನ್ನು ಪ್ರತ್ಯೇಕವಾಗಿ ಹೇಳಬೇಕು. ಕರಾವಳಿಯಲ್ಲಿ ಹಿಂದೆ ಇದರ ಗರಿಯಿಂದ ಕೊಡೆ, ಗೊರಬು, ಮಾಡಿನ ಹೊದಿಕೆ, ಬರೆಯುವ ಓಲೆ ಎಲ್ಲ ಆಗುತ್ತಿತ್ತು. ಡಚ್ ಅಧಿಕಾರಿ ವಾನ್ ರೀಡ್ ಮಲಬಾರಿನಲ್ಲಿ ಸಿದ್ಧಪಡಿಸಿದ 12 ಸಂಪುಟಗಳ ‘ಹೋರ್ಟಸ್ ಮಲಬಾರಿಕಸ್’ (1678–1693) ಇದನ್ನು ಕೊಡ್ಡಪನ ಎಂಬ ಹೆಸರಿನಲ್ಲಿ ಚಿತ್ರಿಸಿದೆ. ಹಲವು ದಶಕ ಬದುಕಿ, ಒಮ್ಮೆ ಮಾತ್ರ ಹೂಬಿಟ್ಟು, ಕಾಯಿ ಮಾಗಿದ ಮೇಲೆ ಸಾಯುವ ಮರವಿದು. ಅದರ ಕವಲೊಡೆದ ಹೂಗೊನೆ ಸಸ್ಯಲೋಕದಲ್ಲೇ ದೊಡ್ಡದು. ಹೂವಿನಿಂದ ಮಾಗಿದ ಕಾಯಿಗೆ ಸುಮಾರು ಒಂದು ವರ್ಷ ಬೇಕು. ಹೂಬಿಟ್ಟ ಮರ ಅಪಶಕುನವೆಂದೋ, ಹೇಗೂ ಸಾಯುತ್ತದೆಂದೋ ಈ ನಡುವೆ ಕಡಿದುಹಾಕಿದರೆ ಆ ಮರದ ಸಂತತಿ ಅಲ್ಲಿಗೇ ಮುಗಿಯಿತು. ಬೈನೆಯಂತೆ ವರ್ಷ ವರ್ಷ ಮೇಲಿಂದ ಕೆಳಗೆ ಗೊನೆ ಬಿಡುವ ಅವಕಾಶ ಅದಕ್ಕಿಲ್ಲ. ಬಜರಬಟ್ಟು ಎಂದು ದೃಷ್ಟಿಮಣಿಗೆ, ಗುಂಡಿಗೆ ಬಳಸುತ್ತಿದ್ದ ಕಲ್ಲಿನಂಥ ಬೀಜ ಇದರದೇ. ಆ ಗಟ್ಟಿತನ ಕಂಡು ಅದನ್ನು ಕಪಾಟಿನಲ್ಲಿ ವರ್ಷಗಟ್ಟಲೆ ಇಡಬೇಡಿ. ಬಿದ್ದ ಹಣ್ಣನ್ನು ಸುಲಿದು ಹಸಿಯಾಗಿಯೇ ಬಿತ್ತಿ, ತಿಂಗಳುಗಟ್ಟಲೆ ಕಾಯಿರಿ. ಒಂದೊಂದು ಗರಿ ಐದು ಮೀಟರ್ ಅಗಲಕ್ಕೂ ಹರಡುವ ಮರ, 30-40ರ ನಿವೇಶನಕ್ಕೆ ಹೇಳಿದ್ದಲ್ಲ. ದೇವಸ್ಥಾನದ ಬನ, ಶಾಲೆಯ ಮೈದಾನದ ಅಂಚು, ಗೋಮಾಳ ಇವೇ ಅದಕ್ಕೆ ತಕ್ಕ ಜಾಗ.

ತಾಳೆ, ಈಚಲು, ಖರ್ಜೂರಗಳಲ್ಲಿ ಗಂಡು ಹೆಣ್ಣು ಮರ ಬೇರೆ ಬೇರೆ, ಹೂಬಿಡುವ ತನಕ ಯಾವುದೆಂದು ನೋಡಿ ಹೇಳಲಾಗದು. ಬೀಜದ ಖರ್ಜೂರ ತಾಯಿಯ ರುಚಿಯನ್ನು ತರುವುದೂ ಇಲ್ಲ. ಹಣ್ಣಿನ ಆಸೆಯಿಂದ ಇವನ್ನು ಬಿತ್ತುವವರು ಈ ಎರಡನ್ನೂ ತಿಳಿದೇ ಬಿತ್ತಲಿ.

ಕೊನೆಗೆ ಬೀಜ ಹಂಚುವವರಲ್ಲಿ, ಮಾರುವವರಲ್ಲಿ ಒಂದು ಕೋರಿಕೆ. ಪೊಟ್ಟಣದ ಮೇಲೆ ಗಿಡದ ಬಣ್ಣದ ಚಿತ್ರಕ್ಕಿಂತ ಬೇಕಾದ ಸಂಗತಿಗಳಿವೆ: ಹಣ್ಣು ಕೊಯ್ದ ತಿಂಗಳು, ತಾಯಿಮರ ಇರುವ ಊರು, ಮೊಳಕೆ ಸಮೀಪದ್ದೋ ದೂರದ್ದೋ ಎಂಬ ಒಂದು ಪದ. ಕೊಳ್ಳುವವರು ಇವನ್ನು ಕೇಳಿ. ಕೊಯ್ದ ತಿಂಗಳು ಹೇಳಲಾರದವರಿಂದ ಮಳೆಕಾಡಿನ ತಾಳೆ ಬೀಜ ಕೊಳ್ಳಬೇಡಿ.